ಚತುರ್ದಶಿಯ ಮೂರು ಎಲೆ

ವಾಯ್ಸ್ ನೋಟ್
ಚಾಕಣ, ಪುಣೆ
13 ಜುಲೈ 2025, ರಾತ್ರಿ 1.50

...ಮತ್ತ ನೀರು ಹೋತು ನೋಡಕ್ಕಾ, ಇವತ್ತ ಇದು ಮೂರನೇ ಸಲಾ. ಸೆಕೆಂಡ್ ಶಿಫ್ಟ್ ಮುಗಿಸಿ ಬಂದ್ರ ಬಕೀಟಿನ್ಯಾಗ ಒಂದು ತಂಬಿಗಿ ಸೈತ ಇಲ್ಲ, ಕೈಗೆ ಗ್ರೀಸ್ ಹಂಗ ಮೆತ್ತೇತಿ. ಮೆಸ್ಸಿನವ ಮುಂಜಾನಿ ಮಾಡಿದ ಚಪಾತಿ ರಾತ್ರಿ ಹನ್ನೆರಡಕ್ಕ ಕೊಡ್ತಾನ, ಮಡಚಾಕ ಹೋದ್ರ ಹಪ್ಪಳ ಮುರದಂಗ ಮುರೀತೈತಿ. ಖೋಲ್ಯಾಗ ಐದು ಮಂದಿ. ಬಿಹಾರದಾವ ಒಬ್ಬ ನಿದ್ದ್ಯಾಗ ಹಲ್ಲು ಕಡೀತಾನ. ನಾ ಟೆರೇಸ್ ಮ್ಯಾಲ ಬಂದು ಕುಂತೀನಿ. ಟೈಪ್ ಮಾಡು ಅನ್ನಬ್ಯಾಡ, ಬೆರಳು ಏಳಂಗಿಲ್ಲ.

ಇಷ್ಟರಾಗ ಅಪ್ಪನ ಫೋನ್ ಬ್ಯಾರೆ. "ಪೂನಮಗ ಒಂದೀಟು ಬುದ್ಧಿ ಹೇಳೋ. ನನ್ನ ತಮ್ಮ ಹೋಗಿ ಹನ್ನೆರಡು ವರ್ಷ ಆಗಾಕ ಬಂತು, ಈಗ ಪೊಲೀಸರಿಗೆ ಹೊಸಾ ಅರ್ಜಿ ಕೊಟ್ಟು ಬಂದಾಳ. ನಾವು ಬೇಡಕಿಹಾಳದಾಗ ತಲಿ ಎತ್ತಿ ತಿರಗಬೇಕೋ ಬ್ಯಾಡೋ?" ಬೈಲಿಲ್ಲಕ್ಕಾ. ಮೆಲ್ಲಕ ಹೇಳಿದಾ. ಅಪ್ಪಾ ಮೆಲ್ಲಕ ಮಾತಾಡಿದ್ರ ಸಣ್ಣಾವಿದ್ದಾಗಿಂದ ನಂಗ ಅಂಜಿಕಿ.

ಯಾಕ ಕೊಟ್ಟಿ? ನಿಮ್ಮಪ್ಪಾ, ನಿಮ್ಮವ್ವಾ, ನಿನ್ನ ಬೆನ್ನಿಗೆ ಬಿದ್ದ ತಮ್ಮ ವಿಕ್ಯಾ, ಮೂರೂ ಮಂದಿ ಎಲ್ಲೋ ಒಂದ ಕಡಿ ಇರ್ತಾರ. ಸೂರತದಾಗ ಕಾಕಾನ್ನ ಕಂಡಿದ್ರು ಅಂತ ಯಾರೋ ಅಂದಿದ್ರಲ್ಲ. ನಾ ಅದನ್ನ ನಂಬೀನಿ. ನಂಬಲಿಲ್ಲಂದ್ರ ನಿದ್ದಿ ಹತ್ತಂಗಿಲ್ಲ. ನಂಬಿದ್ರೂ ಹತ್ತವಲ್ದು, ಆ ಮಾತು ಬ್ಯಾರೆ.

ಇಡ್ತೀನಿ. ಕೆಳಗ ಟ್ಯಾಂಕರ್ ಬಂತು.
ನಿನ್ನ ತಮ್ಮ, ಸಮ್ಯಾ.

*

ರಾಯಬಾಗ
20 ಜುಲೈ 2025

ಪ್ರೀತಿಯ ಸಮಾಧಾನ,

ನಿನ್ನ ಧ್ವನಿಯನ್ನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಕೇಳಿದೆ. ಮಾಮಾನ ಮನೆಯಲ್ಲಿ ಗೋಡೆಗಳು ತೆಳುವು. ನನಗೆ ನಿನ್ನಂತೆ ಮಾತಾಡಿ ಕಳಿಸಲು ಆಗುವುದಿಲ್ಲ. ಹೀಗೆ ಹಾಳೆಯ ಮೇಲೆ ಬರೆದು ಫೋಟೋ ಕಳಿಸುತ್ತೇನೆ. ಓದಿ ಅಳಿಸಿಬಿಡು.

ಯಾಕೆ ಅರ್ಜಿ ಕೊಟ್ಟೆ ಎಂದು ಕೇಳಿದ್ದೀ. ಬರುವ ಡಿಸೆಂಬರ್ ಆರಕ್ಕೆ ಹನ್ನೆರಡು ವರ್ಷ ತುಂಬುತ್ತದೆ. ಅಷ್ಟು ವರ್ಷ ಸುದ್ದಿಯೇ ಇಲ್ಲದವರನ್ನು ಸತ್ತರೆಂದು ಬಗೆದು, ದರ್ಭೆಯ ಗೊಂಬೆ ಮಾಡಿ ಸುಟ್ಟು ಕರ್ಮ ಮುಗಿಸಬೇಕಂತೆ. ಮಾಮಾ ಆಗಲೇ ದಿನ ಕೇಳಿಸಿ ಬಂದಿದ್ದಾನೆ. ಮೂರು ಗೊಂಬೆ. ಒಂದು ಸಣ್ಣದು. ಆ ಸಣ್ಣದಕ್ಕೆ ಬೆಂಕಿ ಇಡುವ ಮೊದಲು ನನಗೆ ತಿಳಿಯಬೇಕು, ವಿಕ್ರಾಂತ ಇದ್ದಾನೋ ಇಲ್ಲವೋ. ಬದುಕಿದ್ದವರಿಗೆ ಸತ್ತವರ ಎಡೆ ಇಟ್ಟರೆ ಅವರ ಆಯುಷ್ಯ ಕಡಿಯುತ್ತದೆ ಎಂದು ಅವ್ವನೇ ಹೇಳುತ್ತಿದ್ದಳು. ಆ ಹೆದರಿಕೆಯಿಂದ ಇಷ್ಟು ವರ್ಷ ಪಿತೃಪಕ್ಷದಲ್ಲಿ ನಾನು ಅವರ ಹೆಸರಿನಲ್ಲಿ ಒಂದು ತುತ್ತನ್ನೂ ಎತ್ತಿಟ್ಟಿಲ್ಲ.

ಪೊಲೀಸರ ಫೈಲು ನನ್ನ ಹಾಜರಿ ಪುಸ್ತಕಕ್ಕಿಂತ ತೆಳುವಾಗಿದೆ. ಅದರಲ್ಲಿ ಇರುವುದು ಇಷ್ಟೇ. 2013ರ ಡಿಸೆಂಬರ್ ಆರು, ಶುಕ್ರವಾರ. ತೋಟದಲ್ಲಿ ಒಂದೇ ಅಂಗಳ, ಎರಡು ಬಾಗಿಲು; ಒಂದು ನಿಮ್ಮದು, ಒಂದು ನಮ್ಮದು. ನಮ್ಮ ಬಾಗಿಲಿಗೆ ಹೊರಗಿನಿಂದ ಬೀಗ. ಅಪ್ಪನ ಮೋಟಾರ್‌ಸೈಕಲ್ ನಾಲ್ಕು ದಿನದ ಮೇಲೆ ಮೀರಜ ಸ್ಟೇಷನ್ ಹತ್ತಿರ ಸಿಕ್ಕಿತು. ರೈಲು ಹತ್ತಿ ಹೋಗಿದ್ದಾರೆ ಎಂದರು, ಮುಗಿಯಿತು. ನಾನು ಹಾಸ್ಟೆಲಿನಲ್ಲಿದ್ದೆ. ನೀನೂ ದೊಡ್ಡವ್ವನೂ ಹೆಸರಿಡುವ ಕಾರ್ಯಕ್ಕೆ ಅವರ ತವರು ಕರೋಶಿಗೆ ಹೋಗಿದ್ದಿರಿ. ತೋಟದಲ್ಲಿ ಉಳಿದವರು ದೊಡ್ಡಪ್ಪ ಒಬ್ಬರೇ. ಹೊಲ ಹಿಸ್ಸೆ ಮಾಡಿಕೊಡು ಎಂದು ಅಪ್ಪ ಅವರಿಗೆ ಗಂಟುಬಿದ್ದ ವರ್ಷವದು. ಇದನ್ನು ನಾನು ಬರೆಯುತ್ತಿದ್ದೇನೆ ಅಷ್ಟೇ, ಏನನ್ನೂ ಹೇಳುತ್ತಿಲ್ಲ.

ಠಾಣೆಗೆ ಬಂದಿರುವ ಹೊಸ ಸಾಹೇಬರು ಒಳ್ಳೆಯವರು. "ಟೀಚರ, ನಿಮ್ಮ ಕಡೆ ಹೊಸಾದು ಏನರ ಐತೇನ್ರಿ? ಹಳೇದನ್ನ ಎಷ್ಟ ತಿರುವಿದ್ರೂ ಅಷ್ಟ ಐತ್ರಿ," ಎಂದರು. ನನ್ನ ಬಳಿ ಏನೂ ಇರಲಿಲ್ಲ. ನಿನಗೆ ಏನಾದರೂ ನೆನಪಿದ್ದರೆ ಹೇಳು.

ನಿನ್ನ ಅಕ್ಕ,
ಪೂನಮ

*

ವಾಯ್ಸ್ ನೋಟ್
ಚಾಕಣ
3 ಆಗಸ್ಟ್ 2025, ರಾತ್ರಿ 2.15

ಅಕ್ಕಾ, ನಿನ್ನ ಕಾಗದಾ ನಾಕ ಸಲಾ ಓದಿದ್ನಿ. ಅಳಸೀನಿ. ನನಗೇನು ನೆನಪೈತಿ, ಹನ್ನೆರಡು ವರ್ಷದ ಹುಡುಗ ನಾ. ಕರೋಶಿಯಿಂದ ಬಂದ್ವಿ, ನಿಮ್ಮ ಬಾಗಲಕ್ಕ ಕೀಲಿ ಇತ್ತು, ಅಪ್ಪಾ ದನಕ್ಕ ಮೇವು ಹಾಕಾಕತ್ತಿದ್ದಾ. "ಕಾಕಾ ಊರು ಬಿಟ್ಟ," ಅಂದಾ. ಅಷ್ಟ.

ಆದ್ರ ಒಂದು ಮಾತು ಹೇಳ್ತೀನಿ, ಎಡಿ ಇಟ್ಟಿಲ್ಲ ಅಂತ ನೀ ಕೊರಗಬ್ಯಾಡ. ನಿನ್ನ ಪಾಲಿಂದೂ ಅಪ್ಪಾನ ಮಾಡ್ಯಾನ. ನಮ್ಮ ಮನ್ಯಾಗ ಪ್ರತಿ ವರ್ಷ ಇಡ್ತಾರ. ಅಜ್ಜಂದು ಎಲ್ಲಾರಂಗ ಅವ ಹೋದ ತಿಥಿಗೆ, ದಶಮಿಗೆ, ಮಾಳಿಗಿ ಮ್ಯಾಲ. ಮತ್ತ ಅಮಾಸಿ ಹಿಂದಿನ ದಿನಾ ಹಿತ್ತಲದಾಗ ಮೂರು ಎಲಿ, ಎರಡು ದೊಡ್ಡವು, ಒಂದು ಸಣ್ಣದು. ಸಣ್ಣ ಎಲ್ಯಾಗ ಖಾರ ಹಾಕಂಗಿಲ್ಲ, ಹಾಲು-ಅನ್ನ, ಮ್ಯಾಲ ಎರಡು ಕ್ರೀಮ್ ಬಿಸ್ಕೀಟು. ಅಪ್ಪಾನ ಕೈಯಾರೆ ಇಡ್ತಾನ, ಯಾರನ್ನೂ ಮುಟ್ಟಗೊಡಂಗಿಲ್ಲ. ಕೆಟ್ಟ ಮನಸಿದ್ರ ಹಿಂಗ ಮಾಡತಿದ್ನೇನು? ನೀನ ಹೇಳು.

ಅವ ಹೊಲದ ಸಲುವಾಗಿ ಕಾಕಾನ ಜೋಡಿ ಜಗಳಾಡಿದ್ದು ಖರೆ. ಆದ್ರ ಮರತಿಲ್ಲ. ಅದನ್ನ ನೀ ತಿಳ್ಕೋಬೇಕು.

ಐದಕ್ಕ ಏಳಬೇಕು. ಇಡ್ತೀನಿ.
ಸಮ್ಯಾ.

*

ರಾಯಬಾಗ
5 ಆಗಸ್ಟ್ 2025

ಸಮಾಧಾನ,

ನೀನು ನನ್ನನ್ನು ಸಂತೈಸಲು ಹೇಳಿದ್ದು ಎಂದು ಗೊತ್ತು. ಎರಡು ದಿನದಿಂದ ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಾ ಬರೆಯುತ್ತಾ ನಿಂತುಬಿಡುತ್ತೇನೆ. ಮಕ್ಕಳು ನಗುತ್ತಾರೆ.

ಅಮಾವಾಸ್ಯೆಯ ಹಿಂದಿನ ದಿನ ಯಾವುದೆಂದು ನಿನಗೆ ಯಾರೂ ಹೇಳಿಲ್ಲವೇ? ನಮ್ಮ ಮಂದಿ ಅದನ್ನು ಘಾತ ಚತುರ್ದಶಿ ಎನ್ನುತ್ತಾರೆ. ಯಾವ ತಿಥಿಗೆ ಸತ್ತರೋ ಗೊತ್ತಿಲ್ಲದವರಿಗೆ ಅಮಾವಾಸ್ಯೆ ಇದೆ. ಕಾಣೆಯಾದವರಿಗೆ ಇಡಲೇಬೇಕೆಂದರೂ ಅಮಾವಾಸ್ಯೆಗೇ ಇಡಬೇಕು. ಚತುರ್ದಶಿ ಕೊಲೆಯಾದವರಿಗೆ, ಆಯುಧದಿಂದ ಸತ್ತವರಿಗೆ, ಅಪಘಾತದಲ್ಲಿ ಹೋದವರಿಗೆ ಮೀಸಲು. ಬೇರೆ ಯಾರಿಗೂ ಆ ದಿನ ಎಲೆ ಹಾಕುವುದಿಲ್ಲ. ಮಾಮಾನನ್ನು ಕೇಳಿದೆ. ಅವನೂ ಹಾಗೆಯೇ ಎಂದ. ಯಾಕೆ ಕೇಳುತ್ತಿದ್ದೇನೆ ಎಂದು ನಾನು ಹೇಳಲಿಲ್ಲ.

ನಮ್ಮ ಮನೆತನದಲ್ಲಿ ಹಾಗೆ ಸತ್ತ ಮೂರು ಜನ ಯಾರು, ಸಮಾಧಾನ? ಅದರಲ್ಲಿ ಖಾರ ತಿನ್ನದ ಮಗು ಯಾರು?

ಎರಡೇ ಪ್ರಶ್ನೆ. ಮೊದಲ ಸಲ ಯಾವ ವರ್ಷ ಇಟ್ಟರು? ಹಿತ್ತಲಿನಲ್ಲಿ ಎಲ್ಲಿ ಇಡುತ್ತಾರೆ?

ಪೂನಮ

*

ವಾಯ್ಸ್ ನೋಟ್
ಚಾಕಣ
19 ಆಗಸ್ಟ್ 2025, ರಾತ್ರಿ 3.05

ಹದಿನಾಲ್ಕು ದಿನಾ ನಾ ಫೋನ್ ಹಚ್ಚಲಿಲ್ಲ ಅಂತ ಸಿಟ್ಟಾಗಬ್ಯಾಡ. ಸಿಟ್ಟು ನಂಗ ಬಂದಿತ್ತು. ನಮ್ಮಪ್ಪನ ಬಗ್ಗಿ ಹಿಂಗ ಬರ್ಯಾಕ ನಿನಗ ಕೈ ಹೆಂಗ ಬಂತು? ನಿನ್ನ ಹಾಸ್ಟೆಲಿಗೆ ಪ್ರತಿ ಐತವಾರ ಬುತ್ತಿ ತಂದ ಕೊಟ್ಟಾವ ಅವ. ಬಾಯಿಗೆ ಬಂದದ್ದೆಲ್ಲಾ ಬೈದು ಒಂದು ನೋಟ್ ಮಾಡಿದ್ನಿ, ಕಳಸಲಿಲ್ಲ. ಯಾಕಂದ್ರ ಬೈಯೂ ಹೊತ್ತಿನ್ಯಾಗ ನನಗ ಒಂದೊಂದ ನೆನಪಾಗಾಕ ಹತ್ತಿತು.

ಮದಲನೇ ಸಲಾ 2014. ಅವರು ಹೋಗಿ ಒಂದು ವರ್ಷ ಸೈತ ಆಗಿರಲಿಲ್ಲ. ಅಪ್ಪಾ ಊರ ಮಂದಿಗೆ "ತಮ್ಮ ಸೂರತದಿಂದ ಫೋನ್ ಮಾಡಿದ್ದಾ, ಆರಾಮ ಅದಾನಂತ" ಅನ್ನಾಕತ್ತಿದ್ದಾ ಆಗ. ಅಂವ ಊರಾಗ ಹಂಗ ಅಂದು ಬಂದು ಮನ್ಯಾಗ ಎಲಿ ಹಾಕ್ಯಾನಕ್ಕಾ.

ನಾ ಆಗ ಏಳನೆತ್ತೆ ಕಲೀತಿದ್ನಿ. ಸಣ್ಣ ಎಲಿ ಮ್ಯಾಲಿನ ಬಿಸ್ಕೀಟು ಕಂಡು ತಡೀಲಿಲ್ಲ, ಒಂದು ತಗದು ಬಾಯಾಗ ಹಾಕ್ಕೊಂಡ್ನಿ. ಅಪ್ಪಾ ನೋಡಿದಾ. ಹೊಡೀಲಿಲ್ಲ. ನನ್ನ ಬಾಯಾಗ ಬೆರಳು ತುರುಕಿ ತಗದಾ, ತಂಬಿಗಿ ನೀರು ಹಾಕಿ ಬಾಯಿ ತೊಳದಾ. "ಇದು ಉಣ್ಣೂದಲ್ಲ ಲೇ, ಇದು ಉಣ್ಣೂದಲ್ಲ," ಅಂತಿದ್ದಾ. ಆಮ್ಯಾಲ ಕಾಗಿ ಬರ್ಲಿಲ್ಲ. ಕಾಗಿ ಮುಟ್ಟೂತನಾ ಮನ್ಯಾಗ ಯಾರೂ ಉಣ್ಣಂಗಿಲ್ಲಲ್ಲ, ಅವ್ವಾ ನಾನು ಹಸದ ಕುಂತಿದ್ವಿ. ಅಪ್ಪಾ ಅಲ್ಲೇ ಕುಕ್ಕರಗಾಲಿಲೆ ಕುಂತು ಎಲಿ ಕಡಿ ನೋಡಿಕೋತ, "ತಿನ್ನೋ ವಿಕ್ಯಾ, ತಿನ್ನ ನನ್ನ ಕೂಸ," ಅಂದಾ. ನಾ ಕೇಳೀನಿ. ಈ ಕಿವೀಲೆ ಕೇಳೀನಿ. ಹನ್ನೊಂದು ವರ್ಷ ಅದನ್ನ ಎಲ್ಲಿ ಇಟ್ಟಿದ್ನೋ ಗೊತ್ತಿಲ್ಲ.

ಎಲ್ಲಿ ಇಡ್ತಾರ ಅಂದ್ಯಲ್ಲ. ಹಳೇ ಬಾವಿ ಇತ್ತಲ್ಲ, ಹುಣಸಿಗಿಡದ ಆಚೆ. ಬೋರ್ ಹಾಕಿಸೀನಿ, ಬಾವಿ ಬ್ಯಾಡ ಅಂತ ಅಪ್ಪಾ ಟ್ರ್ಯಾಕ್ಟರ್‌ಲೆ ಮಣ್ಣು ಹಾಕಿ ಮುಚ್ಚಿದ್ದಾ. ಅದರ ಮ್ಯಾಲ. ಬಾವಿ ಮುಚ್ಚಿದ್ದು ಆ ವರ್ಷದ ಸಂಕ್ರಮಣಕ್ಕ ಮದಲ. ಅವರು ಹೋಗಿ ಒಂದು ತಿಂಗಳದಾಗ. ಇಷ್ಟು ಕಬ್ಬು ಹಚ್ಚಾವ, ಬದುವಿನ ಗೇಣು ಜಾಗಾ ಬಿಡಲಾರದಾವ, ಆ ಜಾಗಾದಾಗ ಇವತ್ತಿಗೂ ಒಂದು ಕಡ್ಡಿ ಹಚ್ಚಿಲ್ಲ.

ನಿನ್ನೆ ಅವ್ವಗ ಫೋನ್ ಹಚ್ಚಿ ಕೇಳಿದ್ನಿ, ಚತುರ್ದಶಿ ಎಲಿ ಯಾರದ ಬೇ ಅಂತ. ಅವ್ವನ ಬದ್ಲಿ ಅಪ್ಪನ ಧ್ವನಿ ಬಂತು. ಫೋನ್ ಸ್ಪೀಕರಿಗೆ ಇತ್ತಕ್ಕಾ. "ಊಟಾ ಆತೇನೋ ಸಮಾಧಾನ?" ಅಂದಾ. ಮೆಲ್ಲಕ.

ನಂಗ ಭಾಳ ಅಂಜಿಕಿ ಬರಾಕತ್ತೇತಿ. ಅವ್ವಾ ಅಲ್ಲೇ ಅದಾಳ.
ಸಮ್ಯಾ.

*

ರಾಯಬಾಗ
1 ಸೆಪ್ಟೆಂಬರ್ 2025

ನನ್ನ ತಮ್ಮ,

ಗೌರಿ ಹಬ್ಬದ ನೆಪ ಮಾಡಿಕೊಂಡು ನಿನ್ನೆ ಬೇಡಕಿಹಾಳಕ್ಕೆ ಹೋಗಿದ್ದೆ. ಹೋಗಬಾರದಿತ್ತು ಎನ್ನಬೇಡ, ಹೋಗಿಬಂದೆ.

ದೊಡ್ಡವ್ವ ಅಡಿಗೆಮನೆಯಲ್ಲಿದ್ದರು. ತುಂಬಾ ಸಣ್ಣಗಾಗಿದ್ದಾರೆ. ಮಲಗುವ ಕೋಣೆಯ ಬಾಗಿಲಿಗೆ ಒಳಗಿನಿಂದ ಹೊಸ ಅಗಳಿ ಹಾಕಿಸಿದ್ದಾರೆ, ಒಬ್ಬರೇ ಮಲಗುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಅವರು ಹಿಟ್ಟು ನಾದುತ್ತಾ, ನನ್ನ ಮುಖ ನೋಡದೆ ಹೇಳಿದರು:

"ನನಗೇನೂ ಗೊತ್ತಿಲ್ಲವ್ವಾ ಪೂನಮ. ಅಡಗಿ ಮಾಡು ಅಂತಾನ, ಮಾಡ್ತೀನಿ. ಖಾರ ಹಾಕಬ್ಯಾಡ ಅಂತಾನ, ಹಾಕಂಗಿಲ್ಲ. ಯಾರಿಗೆ ಅಂತ ಕೇಳಿಲ್ಲ. ಕೇಳಿದ್ರ ಹೇಳಿಬಿಡತಾನ ಅಂತ ಕೇಳಿಲ್ಲ."

"ನಮ್ಮ ಜೋಡಿ ಬಂದುಬಿಡ್ರಿ ದೊಡ್ಡವ್ವಾ."

"ಮನಿ ಬಿಟ್ಟು ಎಲ್ಲಿಗೆ ಬರ್ಲಿ? ನಾ ಹೋದ ದಿನಾ, ನಿಮಗೆಲ್ಲಾ ಗೊತ್ತಾಗೇತಿ ಅಂತ ಅವಗ ತಿಳೀತೈತಿ."

ಹಿತ್ತಲಿಗೆ ಹೋದೆ. ಸುತ್ತ ಎಲ್ಲ ಕಡೆ ಕಬ್ಬು ತಲೆಗಿಂತ ಎತ್ತರಕ್ಕೆ ಬೆಳೆದು ನಿಂತಿದೆ. ನಡುವೆ ಒಂದು ಕಣದಷ್ಟು ಜಾಗ ಬರಿದು. ಕಸ ತೆಗೆದು, ಸಗಣಿ ಸಾರಿಸಿ ಇಟ್ಟಿದ್ದಾರೆ. ಆ ಸಾರಿಸಿದ್ದು ಹಸಿಯಾಗಿತ್ತು. ಚಪ್ಪಲಿ ಬಿಟ್ಟು ನಿಂತೆ. ಪಾದದ ಕೆಳಗೆ ನೆಲ ಒಂದಿಷ್ಟು ತಗ್ಗಿದೆ, ಮಣ್ಣು ಇನ್ನೂ ಕುಸಿಯುತ್ತಿರುವ ಹಾಗೆ. ಅವ್ವಾ ಎಂದು ಕರೆಯಬೇಕು ಅನ್ನಿಸಿತು. ಕರೆಯಲಿಲ್ಲ. ಕರೆದರೆ ಒಪ್ಪಿಕೊಂಡಂತೆ ಆಗುತ್ತಿತ್ತು.

ತಿರುಗಿದರೆ ಕಬ್ಬಿನ ಅಂಚಿನಲ್ಲಿ ದೊಡ್ಡಪ್ಪ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಕೈಯಲ್ಲಿ ಕುಡುಗೋಲು ಇತ್ತು. ಮೇವು ಕೊಯ್ಯಲು ಬಂದಿದ್ದರು, ಬೇರೇನಕ್ಕೂ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

"ಬಿಸಲಾಗ ಯಾಕ ನಿಂತೀವ್ವಾ?" ಎಂದರು. "ಹನ್ನೆರಡು ವರ್ಷ ಆಗಾಕ ಬಂತಲ್ಲ. ಕರ್ಮಾ ನಾನ ಮುಗಸ್ತೀನಿ. ನೀ ಹೆಣ್ಣುಮಗಳು, ನಿನಗ ಯಾಕ ಆ ತ್ರಾಸ? ಆ ಅರ್ಜಿ ಹಿಂದಕ್ಕ ತಗೋ. ಹೋದವರು ಶಾಂತ ಆಗ್ಲಿ, ಇದ್ದವರು ಉಂಡು ಮಕ್ಕೊಳ್ಳಿ."

"ಹೋದವರು ಎಲ್ಲಿ ಅದಾರ ದೊಡ್ಡಪ್ಪಾ?"

ಅವರು ನನ್ನ ಬರಿಗಾಲನ್ನು ನೋಡಿದರು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಆಮೇಲೆ, "ಸಮ್ಯಾ ಫೋನಿನ್ಯಾಗ ಏನೇನ ಹೇಳ್ಯಾನ?" ಎಂದರು. ಆ ಧ್ವನಿಯಲ್ಲಿ ಅಳು ಇರಲಿಲ್ಲ.

ಅವನು ಏನೂ ಹೇಳಿಲ್ಲ ಎಂದೆ ನಾನು. ಅವರೇ ಬೈಕಿನ ಮೇಲೆ ಕೂರಿಸಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟರು. ಎರಡೂ ಕಡೆ ಕಬ್ಬು, ನಡುವೆ ಆ ಸಣ್ಣ ದಾರಿ. ಒಂದು ಕಡೆ ಗಾಡಿ ನಿಲ್ಲಿಸಿದರು. ನನ್ನದೂ ಇಲ್ಲಿಯೇ ಮುಗಿಯಿತು ಎಂದು ಅನ್ನಿಸಿತು. ಅವರು ತಲೆಗೆ ಟವೆಲ್ ಸುತ್ತಿಕೊಂಡರು, ಮತ್ತೆ ಗಾಡಿ ಹೊರಟಿತು. ಅಷ್ಟೇ ಆದದ್ದು.

ಅಕ್ಕ

*

ವಾಯ್ಸ್ ನೋಟ್
ಚಾಕಣ
12 ಸೆಪ್ಟೆಂಬರ್ 2025, ರಾತ್ರಿ 1.20

ಅಕ್ಕಾ, ಒಂದು ಹೊಸಾದು ಆಗೇತಿ. ಅಪ್ಪಾ ಈಗ ದಿನಾ ರಾತ್ರಿ ಎಂಟಕ್ಕ ಫೋನ್ ಮಾಡ್ತಾನ. ಇವತ್ತ ಏನಂದಾ ಗೊತ್ತೈತೇನು? "ಈ ಸಲಾ ಚತುರ್ದಶಿಗೆ ನೀ ಊರಿಗೆ ಬರಬೇಕು. ನನಗ ವಯಸ್ಸಾತು. ನಾಳೆ ನಾ ಸತ್ತರ ಆ ಮೂರು ಎಲಿ ಯಾರು ಹಾಕವರು? ನೀನ ಹಾಕಬೇಕು. ಹಸದ ಕುಂದರಬಾರದು ಅವರು. ಬಾ, ಎಲ್ಲಾ ತೋರಸ್ತೀನಿ, ಹೇಳ್ತೀನಿ."

ಯಾರಿಗಪಾ ಅಂತ ಕೇಳಿದ್ನಿ. "ಬಂದಾಗ ಹೇಳ್ತೀನಿ," ಅಂದಾ.

ಅವ ಪೊಲೀಸರಿಗೆ ಅಂಜೂದಿಲ್ಲ. ಅವರು ಹಸದಾರ ಅಂತ ಅಂಜ್ತಾನ. ಹನ್ನೊಂದು ವರ್ಷ ಒಂದು ಚತುರ್ದಶಿ ತಪ್ಪಿಸಿಲ್ಲ. ಈಗ ಅದನ್ನ ಹೊಲದ ಜೋಡಿ ನನಗ ಕೊಟ್ಟು ಹೋಗವ. ನನ್ನ ಮಕ್ಕಳಿಗೆ ನಾ ಕೊಡಬೇಕು. ಅದನ್ನ ಕೇಳಿದ ಮ್ಯಾಲ ನಾ ಏನಾಗ್ತೀನಿ, ಅದನ್ನ ಹೇಳು. ಸುಮ್ಮನಿದ್ರ ನಾನೂ ಆ ಬಾವಿಗೆ ಒಂದು ಪುಟ್ಟಿ ಮಣ್ಣು ಹಾಕಿದಂಗ. ಬಾಯಿ ಬಿಟ್ರ ನಮ್ಮಪ್ಪನ್ನ ನಾನ ಹಿಡದ ಕೊಟ್ಟಂಗ. ಮಶೀನ್ ಮುಂದ ನಿಂತಾಗ ಇದ ತಲ್ಯಾಗ. ಮೊನ್ನೆ ಬೆರಳು ಹೋಗತಿತ್ತು, ಬಾಜೂದಾವ ಎಳದಾ.

ಸಾಹೇಬರು ಏನಂತಾರ?
ಸಮ್ಯಾ.

*

ರಾಯಬಾಗ
15 ಸೆಪ್ಟೆಂಬರ್ 2025

ಸಮಾಧಾನ,

ಸಾಹೇಬರನ್ನು ನೋಡಿ ಬಂದೆ. ನಿನ್ನ ಹೆಸರು ಹೇಳದೆ ಕೇಳಿದೆ. "ಎಡಿ ಇಟ್ಟರ ಅದು ಪುರಾವೆ ಆಗಂಗಿಲ್ರಿ ಟೀಚರ. ಯಾರ ಹೆಸರಿಗರ ಇಟ್ಟೀನಿ ಅಂತಾರ. ಮನ್ಯಾಗಿನವರು ಒಬ್ಬರು ಕಂಡದ್ದು ಕೇಳಿದ್ದು ಬಾಯಿ ಬಿಟ್ಟು ಹೇಳಬೇಕ್ರಿ. ಹೇಳಿದ್ರ ಬಾವಿ ಅಗಿಸಾಕ ನಾ ಮ್ಯಾಲ ಕೇಳ್ತೀನಿ," ಎಂದರು.

ಮನೆಯವರು ಒಬ್ಬರು ಎಂದರೆ ಯಾರು ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ನಿನ್ನನ್ನು ನಾನು ಏನೂ ಕೇಳುವುದಿಲ್ಲ. ಅವರು ನಿನ್ನ ಅಪ್ಪ. ನನ್ನ ಅಪ್ಪನಿಗಾಗಿ ನಿನ್ನ ಅಪ್ಪನನ್ನು ಕೊಡು ಎಂದು ಕೇಳುವ ಬಾಯಿ ನನಗಿಲ್ಲ. ಒಂದೇ ಮಾತು: ನೀನು ಸಾಹೇಬರಿಗೆ ಹೇಳು, ಬಿಡು, ದೊಡ್ಡವ್ವನನ್ನು ಮೊದಲು ಆ ಮನೆಯಿಂದ ಹೊರಗೆ ತಾ.

ಪೂನಮ

*

ವಾಯ್ಸ್ ನೋಟ್
ನಿಪ್ಪಾಣಿ ಬಸ್‌ಸ್ಟ್ಯಾಂಡ್
20 ಸೆಪ್ಟೆಂಬರ್ 2025, ಚತುರ್ದಶಿ, ನಸುಕಿನ 4.10

ಅಕ್ಕಾ, ಬಂದು ಇಳದೀನಿ. ಬೇಡಕಿಹಾಳದ ಮದಲನೇ ಗಾಡಿಗೆ ಇನ್ನೂ ಹೊತ್ತೈತಿ. ಬಾಜೂಕ್ಕ ಒಂದು ಮುದುಕಿ ಬಾಳಿ ಎಲಿ ಹೊರಿ ಮಾರಾಕ ತಂದು ಇಟ್ಕೊಂಡು ಕುಂತಾಳ. ಅದಕ್ಕ ಈ ಕಡಿ ದೂರ ಬಂದು ಮಾತಾಡಾಕತ್ತೀನಿ.

ಇದನ್ನ ಅಳಸಬ್ಯಾಡ. ಬ್ಯಾರೆದ್ದು ಅಳಸಿದ್ರೂ ಇದನ್ನ ಇಟ್ಕೋ. ಕೇಳು.

ನನ್ನ ಹೆಸರು ಸಮಾಧಾನ ರಾವಸಾಹೇಬ ಮಾನೆ. ವಯಸ್ಸು ಇಪ್ಪತ್ನಾಕು. ನಮ್ಮ ಕಾಕಾ ಕಾಕಾಸಾಹೇಬ, ಕಾಕು ಅನುಸೂಯಾ, ಅವರ ಮಗಾ ವಿಕ್ರಾಂತ, ಆವಾಗ ಏಳು ವರ್ಷದಾವ. ಇವರು ಕಾಣಲಾರದಂಗ ಆದ ಮ್ಯಾಲ ಒಂದು ತಿಂಗಳದಾಗ ನಮ್ಮಪ್ಪಾ ರಾವಸಾಹೇಬ ಹಿತ್ತಲದ ಬಾವಿ ಮುಚ್ಚ್ಯಾನ. ಮುಂದಿನ ಘಾತ ಚತುರ್ದಶಿಯಿಂದ ಆ ಬಾವಿ ಮ್ಯಾಲ ಮೂರು ಎಲಿ ಹಾಕ್ಯಾನ. ಸಣ್ಣ ಎಲಿ ಮುಂದ ಕುಂತು ವಿಕ್ಯಾನ ಹೆಸರು ಹಿಡದು ತಿನ್ನು ಅಂದದ್ದನ್ನ ನಾ ಕೇಳೀನಿ. ಆವಾಗ ಅವ ಊರ ಮಂದಿಗೆ ಅವರು ಬದುಕ್ಯಾರ ಅಂತ ಹೇಳತಿದ್ದಾ. ಇದನ್ನ ನಾ ಯಾರ ಮುಂದ ಬೇಕಾದ್ರೂ ಹೇಳ್ತೀನಿ. ಸಾಹೇಬರ ಮುಂದ, ಕೋರ್ಟಿನ್ಯಾಗ, ಅಪ್ಪನ ಮುಂದ.

ಆತು. ಹೇಳಿದ್ನಿ. ಒಂದೀಟು ತಡಿ.

...ಹಾಂ. ಈಗ ಮುಂದಿಂದು. ಅವ್ವಗ ನಿನ್ನೆ ಕರೋಶಿಗೆ ಹೋಗಬೇ ಅಂದ್ರ "ಅಡಗಿ ಯಾರು ಮಾಡ್ತಾರೋ" ಅಂದಳು. ಇವತ್ತ ನಾನ ಹೊರಗ ಹಾಕಬೇಕು. ಹನ್ನೆರಡರ ಸುಮಾರಿಗೆ ಅಪ್ಪಾ ನನ್ನ ಕರ್ಕೊಂಡು ಹಿತ್ತಲಕ್ಕ ಹೋಗ್ತಾನ, ಎಲಿ ಹಾಕಾಕ. ಅವ ಅಲ್ಲೇ ಕುಂತನಂದ್ರ ಕಾಗಿ ಬರೂತನಾ ಏಳಂಗಿಲ್ಲ. ಅದ ಹೊತ್ತಿಗೆ ಅವ್ವಾ ಮುಂದಿನ ಬಾಗಲದಿಂದ ಹೊರಬಿದ್ದು ರಸ್ತಾಕ್ಕ ಬರ್ತಾಳ, ನಾ ಒಪ್ಪಸ್ತೀನಿ. ನೀ ಗಾಡಿ ಮಾಡ್ಕೊಂಡು ರಸ್ತಾದ ಮ್ಯಾಲ ನಿಂತಿರು. ಒಳಗ ಮಾತ್ರ ಬರಬ್ಯಾಡ, ನನ್ನ ಆಣಿ.

ನಾ ಅವನ ಬಾಜೂಕ್ಕ ಕುಂದರ್ತೀನಿ. ಎಲಿ ಹಾಕಂಗಿಲ್ಲ. ಯಾರಿಗಪಾ ಇದು, ಅಂತ ಕೇಳ್ತೀನಿ. ಹೇಳ್ತಾನ ಅವ. ಇಷ್ಟು ವರ್ಷ ಯಾರರ ಕೇಳ್ಲಿ ಅಂತನ ಕಾದಾನ ಅನಸ್ತೈತಿ. ಹೇಳಿದ ಮ್ಯಾಲ ನನ್ನ ಏನ ಮಾಡ್ತಾನ ಅನ್ನೂದು ಗೊತ್ತಿಲ್ಲ. ಮಗಾ ಅದೀನಿ. ವಿಕ್ಯಾನೂ ಅವನ ತೊಡೀ ಮ್ಯಾಲ ಉಂಡು ದೊಡ್ಡಾವ ಆಗಿದ್ದಾ.

ಅವ್ವಾ ನಿನ್ನ ಗಾಡ್ಯಾಗ ಕುಂದರೂತನಾ ಈ ನೋಟ್ ಸಾಹೇಬರಿಗೆ ಕಳಸಬ್ಯಾಡ. ಮದಲ ಜೀಪ ಬಂತಂದ್ರ ಅವ್ವಾ ಒಳಗ ಸಿಕ್ಕೋತಾಳ. ಕುಂತ ಕೂಡಲೆ ಕಳಸು. ಅವ್ವಾ ಬರಲಿಲ್ಲಂದ್ರೂ ಹನ್ನೆರಡು ಮುಕ್ಕಾಲಿಗೆ ಕಳಸು, ಆಮ್ಯಾಲ ಒಂದು ನಿಮಿಷ ಕಾಯಬ್ಯಾಡ.

ಗಾಡಿ ಹಚ್ಚಿದ್ರು. ಹೋಗ್ತೀನಿ. ನೀ ನನಗ ಫೋನ್ ಮಾಡಬ್ಯಾಡ, ಯಾರ ಕೈಯಾಗ ಇರ್ತೈತೋ. ನಾನ ಮಾಡ್ತೀನಿ. ನನ್ನ ನಂಬರಿಂದ ಬಂದ್ರೂ ನಾ ಅಕ್ಕಾ ಅನ್ನೂತನಾ ನೀ ತುಟಿ ಬಿಚ್ಚಬ್ಯಾಡ. ಹನ್ನೆರಡೂವರಿಗೆ. ಬರೊಬ್ಬರಿ ಹನ್ನೆರಡೂವರಿಗೆ ಮಾಡ್ತೀನಿ.

ಸಮಾಧಾನ.